ಸುಟ್ಟ ಕ್ಲಚ್ ಪ್ಲೇಟ್

ನವೆಂಬರ್ 7, ಶುಕ್ರವಾರ

ಬೆಳಿಗ್ಗೆ ಮಗ್ಗ ಹಚ್ಚಿ, ಚಹಾ ಕುಡಿದು, ಸೀರೆ ಗಂಟು ಓಮ್ನಿಗೆ ಹೇರಿದೆ. ಮುಧೋಳ ದಾರಿಯ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗದು. ಸುಟ್ಟ ವಾಸನೆ. ಕ್ಲಚ್ ಹೋಯಿತು. ಹಳೇ ಗಾಡಿ... ಬನಹಟ್ಟಿ ತನಕ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದೆ.

ಅಂಗಳದಲ್ಲಿ ಅವ್ವ, ನೆರೆಮನೆಯ ಕಾಮಣ್ಣ. ಏನಾಯಿತು ಎಂದರು. ಅಂದುಬಿಟ್ಟೆ—

"ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಕೈತಿ."

ಹೆಂಡತಿ ಶ್ರೀದೇವಿ ಬಾಗಿಲಲ್ಲೇ ಇದ್ದಳು. ಮದುವೆಯಾದ ಮೇಲೆ ಗಾಡಿ ಕಲಿತವಳು. ಮುಧೋಳದ ಅಂಗಡಿಗಳಿಗೆ ಹೆಚ್ಚಾಗಿ ಸೀರೆ ಮುಟ್ಟಿಸುವವಳೂ ಅವಳೇ. ತನ್ನ ಹತ್ತಿರವಿದ್ದ ಕೀ ತಂದು ಗೂಟಕ್ಕೆ ಹಾಕಿದಳು.

ನವೆಂಬರ್ 9, ರವಿವಾರ

ಗ್ಯಾರೇಜಿಗೆ ಒಯ್ಯಲಿಲ್ಲ. ಶ್ರೀದೇವಿಯ ತಮ್ಮ ಮಾಂತೇಶ ಲೋಕಾಪುರದಿಂದ ಜಾಕು, ನಟ್ಟು ಬಿಚ್ಚುವ ಪಾನಾ ತಂದ. ಇಬ್ಬರೂ ಗಾಡಿ ಕೆಳಗೆ ಮಲಗಿ ಗೇರ್‌ಬಾಕ್ಸ್ ಇಳಿಸಿದೆವು. ಪ್ಲೇಟ್ ಸವೆದು ರಿವೆಟ್ ಕಾಣುತ್ತಿತ್ತು. ಹೊಸದು ಹಾಕಿ ವಾಪಸ್ ಏರಿಸುವಾಗ ಗೇರ್‌ಬಾಕ್ಸ್ ಕೂಡಲಿಲ್ಲ, ಬಹಳ ಸತಾಯಿಸಿತು. ಶ್ರೀದೇವಿ ಟಾರ್ಚ್ ಹಿಡಿದು "ತುಸು ಮ್ಯಾಲ... ಹಾಂ" ಅಂದಳು. ಕೂತಿತು.

ಸಂಜೆ ಓಡಿಸಿ ನೋಡಿದೆ. ಪಕ್ಕದಲ್ಲಿ ಮಾಂತೇಶ, ಹಿಂದೆ ಅವಳು. ಊರು ದಾಟಿದ್ದೆವಷ್ಟೇ, ಮಾಂತೇಶ ಅಂದ—

"ಮಾವಾರ, ಎಡಗಾಲು ತಗೀರಿ."

"ಯಾಕೋ?"

"ಕ್ಲಚ್ ಮ್ಯಾಲೇ ಇಟ್ಟೀರಿ. ಹಿಂಗಾದ್ರ ಹೊಸಾ ಪ್ಲೇಟೂ ಸುಡತೈತಿ."

ನೋಡಿಕೊಂಡೆ. ಹೌದು. ಮೊದಲಿಂದಲೂ ಹೀಗೇ... ಕಾಲು ತೆಗೆದೆ. ಕನ್ನಡಿಯಲ್ಲಿ ಶ್ರೀದೇವಿ ಹೊರಗಿನ ಕಬ್ಬು ನೋಡುತ್ತಿದ್ದಳು.

ಮನೆಗೆ ಬಂದು ಕೇಳಿದೆ. "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ಕಾಮಣ್ಣಾರ ಮುಂದ ನಿಮ್ಮ ಮಾನ ತಗೀಲೇನು?"

ನಾನು ಅವಳದು ತೆಗೆದಿದ್ದೆ.

ನವೆಂಬರ್ 13, ಗುರುವಾರ

ಕೀ ಕೊಡಹೋದೆ, ಮುಟ್ಟಲಿಲ್ಲ. ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಸೀರೆ ಗಂಟು ಇಟ್ಟುಕೊಂಡು ಮುಧೋಳದ ಬಸ್ಸಿಗೆ ನಿಂತಿದ್ದಳು. ಕಾಮಣ್ಣನೂ ಇದ್ದ. ಗಾಡಿ ನಿಲ್ಲಿಸಿ ಇಳಿದೆ.

"ಕಾಮಣ್ಣಾರ, ಕ್ಲಚ್ ಸುಟ್ಟಾಂವ ನಾನರಿ. ಆಕಿ ಅಲ್ಲ."

ಕಾಮಣ್ಣ ನಕ್ಕ. ಶ್ರೀದೇವಿ ನಗಲಿಲ್ಲ.

"ಅತ್ತಿಯಾರ ಮುಂದ ಹೇಳ್ರಿ. ದಿನಾ ನನಗ ಅನ್ನೋರು ಅವರು," ಎಂದು ಬಸ್ ಹತ್ತಿದಳು.

ಮನೆಗೆ ಬಂದರೆ ಅವ್ವ ಕಟ್ಟೆ ಮೇಲೆ ಕುಳಿತು ಓಣಿಯ ಹೆಂಗಸರಿಗೆ ಅದನ್ನೇ ಹೇಳುತ್ತಿದ್ದಾಳೆ— ಸೊಸೆ ಗಾಡಿ ಕೆಡಿಸಿದ್ದು, ಮಗ ಮನೆಯಲ್ಲೇ ರಿಪೇರಿ ಮಾಡಿದ್ದು.

"ಅವ್ವಾ, ಅದು ಹಂಗಲ್ಲ."

ಎಲ್ಲ ಹೇಳಿದೆ. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಅವ್ವ ಸೆರಗು ಸರಿ ಮಾಡಿಕೊಂಡಳು.

"ಇಷ್ಟ ದಿನಾ ನಾ ಆಕಿನ್ನ ಅಂದೆ. ನೀ ಬಾಜೂಕ ಕುಂತು ರೊಟ್ಟಿ ತಿಂದಿ."

ತಿಂದೆ. ಶ್ರೀದೇವಿಯೇ ಬಡಿದ ರೊಟ್ಟಿ.

ಸಂಜೆ ಬಸ್ಸಿಗೆ ಬರುತ್ತಾಳೆ. ಸ್ಟ್ಯಾಂಡಿಗೆ ಗಾಡಿ ಒಯ್ದು ಕೀ ಅವಳ ಮುಂದೆ ಹಿಡಿಯಬೇಕು. ಏನಂತ ಹೇಳಿ ಹಿಡಿಯಲಿ?