ಅಳಿಸಲೇ ಎಂದು ಕೇಳಿತ್ತು

ಎಲೈ ಅಗ್ರಜನೇ! ನೀನು ಹೋಗಿ ಏಳು ತಿಂಗಳಾಯಿತು. ಈ ಪತ್ರ ಯಾವ ಡಬ್ಬಿಗೂ ಬೀಳುವುದಿಲ್ಲ. ಆದರೂ ಇಂದಿನ ವರದಿ ಒಪ್ಪಿಸುತ್ತೇನೆ, ಕೇಳು.

ನಿನ್ನ ಗಂಟಲಿನ ಆಪರೇಷನ್‌ಗೆ ಮೊದಲು ನಮ್ಮ ನಾಟಕದ ಹದಿನಾಲ್ಕು ಹಾಡುಗಳನ್ನು ಹಾಡಿ, ಬೆರಳುದ್ದದ ಮ್ಯೂಸಿಕ್ ಪ್ಲೇಯರಿಗೆ ತುಂಬಿಸಿ ಕಳಿಸಿದ್ದೆಯಲ್ಲ, ರಾಜನ ಪಾತ್ರವನ್ನು ನನ್ನಿಂದ ಕಸಿದವನ ದನಿ ನನಗೇಕೆಂದು ಆರು ವರ್ಷ ಅದನ್ನು ಪೆಟ್ಟಿಗೆಯಲ್ಲಿಟ್ಟಿದ್ದೆ. ಈಗ ಕೇಳೋಣವೆಂದು ತೆಗೆದರೆ ಅದರ ಇಯರ್‌ಫೋನ್ ತೂತು ಕೆಟ್ಟಿದೆ. ಕಂಪ್ಯೂಟರಿಗೆ ಜೋಡಿಸಿದರೆ 'ಸಾಧನದ ಗುರುತು ಸಿಗಲಿಲ್ಲ' ಎಂದಿತು ಆ ಪಿಶಾಚಿ! ಡ್ರೈವರ್ ಎಂಬ ತಂತ್ರಾಂಶ ಬೇಕಂತೆ. ಹಳೆಯದು ಒಗ್ಗದು, ಹೊಸದನ್ನು ಕಂಪನಿ ಮಾಡಿಯೇ ಇಲ್ಲ. ಮೂರು ದಿನ ಹುಡುಕಿ ಯಾವುದೋ ಒಂದನ್ನು ಹಾಕಿದೆ. ಇಂದು ಬೆಳಿಗ್ಗೆ ಪರದೆ ಬೆಳಗಿತು: 'ಇದು ಬೇರೆ ಕಂಪ್ಯೂಟರಿನದು. ಇರುವುದನ್ನೆಲ್ಲ ಅಳಿಸಿ ಇದಕ್ಕೆ ಹೊಂದಿಸಲೇ?' ಹೊಂದಿಸುವ ಮಾತೊಂದೇ ನನ್ನ ಕಣ್ಣಿಗೆ ಬಿತ್ತು. 'ಸರಿ' ಒತ್ತಿದೆ.

ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿಯವನು ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ನೋಡಿದ. "ಏನ್ ಯಜಮಾನ್ರೇ, ಬೀಗ ತೆಗೀರಿ ಅಂದ್ರೆ ಮನೇನೇ ಕೆಡವಿಬಿಟ್ರಲ್ಲ! ಒಂದು ಹಾಡೂ ಉಳಿದಿಲ್ಲ."

ಮನೆಗೆ ಬರುತ್ತಲೇ ಅತ್ತಿಗೆಯ ಫೋನು. "ಅವರ ಹಾಡು ಕೇಳಿದ್ರಾ? ಹೇಗಿತ್ತು?"

"ಶ್ರುತಿ ಎಲ್ಲೂ ಜಾರಿಲ್ಲ ಅತ್ತಿಗೆ. ರಾಜ ಅಂದ್ರೆ ಅವನೇ."

ಅತ್ತಿಗೆ ಮೆಲ್ಲಗೆ ಹೇಳಿದರು: "ನಾಳೆ ಬರ್ತೀನಿ. ನಂಗೂ ಒಂದ್ಸಲ ಕೇಳಿಸಿ. ನಿಮ್ಮನ್ನ ಬಿಟ್ಟು ಬೇರೆ ಯಾರಿಗೂ ಅವರು ಹಾಡಿ ಕೊಡ್ಲಿಲ್ಲ."