ಲೆನ್ಸ್ ಒಡೆದದ್ದು ಲಾಠಿಯಲ್ಲ

ಅಕ್ಕಾ,

ನೀನು ಎರಡು ವರ್ಷ ಓವರ್‌ಟೈಮ್ ಬಟ್ಟೆ ಹೊಲಿದ ದುಡ್ಡಲ್ಲಿ ಕೊಂಡ, ಸಾಯುವ ಮುಂಚೆ ನಮ್ಮ ಕಾರ್ಮಿಕ ಸಂಘಕ್ಕೆ ಬಿಟ್ಟುಹೋದ ಕ್ಯಾಮೆರಾವನ್ನು ನಿನ್ನೆ ನಾನೇ ಬೀಳಿಸಿದೆ. ಕಾರ್ಖಾನೆ ಗೇಟಿನ ಧರಣಿಗೆಂದು ಹೋಗಿ ಬಸ್ಸು ಇಳಿಯುವಾಗ ಕೈಜಾರಿತು. ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುವಷ್ಟು ವ್ಯವಧಾನ ನನಗಿರಲಿಲ್ಲ. ಲೆನ್ಸ್ ಒಡೆದುಹೋಯಿತು.

ಅರ್ಧ ಗಂಟೆಯಲ್ಲಿ ಪೊಲೀಸರು ಲಾಠಿ ಬೀಸಿದರು. ಆಮೇಲೆ ನಮ್ಮ ಸಂಘದ ಖಜಾಂಚಿ ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿದ.

"ಥೂ, ಅಕ್ಕನ ಕ್ಯಾಮೆರಾನೂ ಬಿಡ್ಲಿಲ್ವಾ ಆ ಪಾಪಿಗಳು? ನಿಂಗೇನೂ ಆಗಿಲ್ಲ ತಾನೆ?"

"ಇಲ್ಲ, ನಂಗೇನೂ ಆಗಿಲ್ಲ" ಎಂದೆ. ಮೊದಲ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಆಳುವವರ ಸುಳ್ಳಿನ ವಿರುದ್ಧ ಗಂಟಲು ಹರಿದುಕೊಂಡವನು ನಾನು. ಲಾಠಿ ನಿಜ, ಒಡೆದ ಹನ್ನೊಂದು ತಲೆಗಳು ನಿಜ. ನಾಳೆ ಪೊಲೀಸರ ವಕೀಲ ನನ್ನ ಈ ಒಂದು ಸುಳ್ಳನ್ನು ಹಿಡಿದರೆ ಆ ತಲೆಗಳೂ ಸುಳ್ಳಾಗುತ್ತವೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಇವತ್ತು ಮೆರವಣಿಗೆ. ನಿನ್ನ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದರು. ಘೋಷಣೆ ಕೂಗಿಸಲು ಮೈಕನ್ನು ನನಗೇ ಕೊಟ್ಟರು.

"ಕ್ಯಾಮೆರಾ ಒಡೆದವರಿಗೆ!" ಎಂದು ಕೂಗಿದೆ, ಅಕ್ಕಾ.

ನೂರಾರು ಜನ ನನ್ನ ಮುಖವನ್ನೇ ನೋಡುತ್ತ ಧಿಕ್ಕಾರ ಎಂದರು.