ಹೂವಿಲ್ಲದ ಎರಡು ಹೂದಾನಿಗಳು

ಯಜಮಾನರೇ,

ಚಿಕ್ಕಮಗಳೂರಿನಿಂದ ಆ ಜೋಡಿ ಪಿಂಗಾಣಿ ಹೂದಾನಿಗಳನ್ನು ತಂದ ದಿನ ನೆನಪಿದೆಯೇ? ನನ್ನ ಸೊಂಟದೆತ್ತರ, ಕಡುನೀಲಿ, ಮೈತುಂಬ ಬಂಗಾರದ ಬಳ್ಳಿ. ಜೀಪಿನಲ್ಲಿ ಜಾಗ ಸಾಲಲಿಲ್ಲ. "ನೀನು ಬಸ್ಸಲ್ಲಿ ಬಾರೆ, ಇವು ಒಡ್ದು ಹೋದ್ರೆ ಮತ್ತೆ ಸಿಗಲ್ಲ" ಎಂದಿರಿ. ನಮ್ಮೂರು ಮಲ್ಲಂದೂರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಮತ್ತೆ ಸಿಗುವವಳು ನಾನೊಬ್ಬಳೇ ಅಲ್ಲವೇ?

ಮೊದಲ ವಾರವೇ ಒಂದರಲ್ಲಿ ಡೇಲಿಯಾ ಇಟ್ಟೆ. ನಿಮ್ಮ ಕ್ಲಬ್ಬಿನ ಸ್ನೇಹಿತರ ಎದುರಿಗೇ ಕಿತ್ತು, ನೀರು ಸೋರುತ್ತಿದ್ದ ಕಟ್ಟನ್ನು ನನ್ನ ಕೈಗೆ ತುರುಕಿದಿರಿ. "ಶೋಪೀಸಿಗೆ ಯಾರಾದ್ರೂ ಹೂ ಇಡ್ತಾರೇನೇ? ಇವ್ಳಿಗೆ ಟೇಸ್ಟೇ ಇಲ್ಲ ಮಾರಾಯ್ರೇ." ಅವರೆಲ್ಲ ನಕ್ಕರು. ನಾನು ಒಳಗೆ ಹೋಗಿ ಅವರಿಗೇ ಕಾಫಿ ಸೋಸಿದೆ. ಸೋಸದೆ ಇನ್ನೇನು...

ಕಳಸದ ಪೇಟೆಯಲ್ಲಿ ಒಮ್ಮೆ ನಾನೇ ಒಂದು ಪುಟ್ಟ ಹೂದಾನಿ ಆರಿಸಿದ್ದೆ. ಕಂದು ಬಣ್ಣ, ತಳ ಭಾರ, ಕುತ್ತಿಗೆ ಸಪೂರ. ಕಾಡುಮರದಲ್ಲಿ ಜೋತು ಅರಳುವ ಸೀತಾಳೆ ಹೂವಿನ ಒಂದೇ ಒಂದು ದಂಡೆ ಇಟ್ಟರೂ ವಾಲುತ್ತಿರಲಿಲ್ಲ. ನೋಡಿದವರ ಕಣ್ಣು ಮೊದಲು ಹೂವಿಗೇ ಹೋಗುತ್ತಿತ್ತು. ನೀವು ಅದನ್ನು ಬಚ್ಚಲಿಗೆ ಒಯ್ದು ಹಲ್ಲುಜ್ಜುವ ಬ್ರಷ್ಷು ತುಂಬಿದಿರಿ. ಇಪ್ಪತ್ತೆರಡು ವರ್ಷ ಬೆಳಿಗ್ಗೆ ಎದ್ದು ಅದನ್ನೇ ನೋಡಿದೆ. ಒಂದು ದಿನವಾದರೂ ಎತ್ತಿ ತರಬಹುದಿತ್ತು. ನಿಮ್ಮ ಮೇಲಿರುವಷ್ಟೇ ತಾತ್ಸಾರ ಒಮ್ಮೊಮ್ಮೆ ನನ್ನ ಮೇಲೂ...

ನಿಮ್ಮ ತಿಥಿ ಮುಗಿದ ಮರುದಿನ ಹಜಾರ ತೊಳೆಯಿಸಿದೆ. ಮನೆಗೆಲಸದ ಸರೋಜ ನೀಲಿ ಹೂದಾನಿಯನ್ನು ಓರೆ ಮಾಡಿ ಕೂಗಿದಳು: "ಅಮ್ಮೋರೇ, ಇದ್ರೊಳಗೆ ಎಂತದೋ ತುಂಬೈತಲ್ಲ!" ಬಗ್ಗಿ ನೋಡಿದೆ. ಸಿಗರೇಟು ತುಂಡು, ಕೋಳಿ ಮೂಳೆ, ಹಲ್ಲುಕಡ್ಡಿ. ನಿಮ್ಮ ಟೇಸ್ಟನ್ನು ಬಾಯಿತುಂಬ ಹೊಗಳುತ್ತಿದ್ದ ಆ ದೊಡ್ಡ ಮನುಷ್ಯರು ಎಂಜಲು ಉಗುಳಿದ್ದೂ ಅದರೊಳಗೇ. ನಿಮಗಿದು ಗೊತ್ತಿತ್ತೇ? ಗೊತ್ತಿರಲಿಲ್ಲವೆಂದೇ ನಂಬುತ್ತೇನೆ. ಒಂದು ಕ್ಷಣ ನಿಮ್ಮ ಬಗ್ಗೆ ಅಯ್ಯೋ ಅನಿಸಿತು. ಒಂದೇ ಕ್ಷಣ. ಆಮೇಲೆ ಎರಡನ್ನೂ, ಕಸ ಸಮೇತ, ಕ್ಲಬ್ಬಿಗೆ ಕಳುಹಿಸಿಕೊಟ್ಟೆ. ಬಾಗಿಲ ಎರಡೂ ಬದಿಗೆ ನಿಲ್ಲಿಸಿ ನಿಮ್ಮ ಹೆಸರು ಬರೆಸಿದ್ದಾರಂತೆ. ಒಳಗೆ ಬಗ್ಗಿ ನೋಡುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇಲ್ಲ.

ಹೋದ ತಿಂಗಳು ನಮ್ಮ ಕಿಟಕಿಯಲ್ಲಿಟ್ಟ ಹೂಗಳನ್ನು ನೋಡಿದ ಹುಡುಗಿಯೊಬ್ಬಳು ದೇವರಮನೆ ಬೆಟ್ಟದ ದಾರಿಯಲ್ಲಿರುವ ತನ್ನ ಹೊಸ ಮನೆಗೆ ನನ್ನನ್ನು ಕರೆದೊಯ್ದಳು. ಯಾವ ಕೋಣೆಗೆ ಯಾವ ಹೂದಾನಿ ಎಂದು ಇಡೀ ದಿನ ಆರಿಸಿ ಕೊಟ್ಟೆ. ಬಣ್ಣದ ಗೋಡೆಗೆ ಬಿಳಿಯದು, ಗಾಳಿ ಬೀಸುವ ಕಿಟಕಿಗೆ ಗಿಡ್ಡದು, ಊಟದ ಮೇಜಿಗೆ ಎದುರಿನವರ ಮುಖ ಮರೆಯಾಗದಂಥದ್ದು.

"ಇದೆಲ್ಲ ಯಾರ ಹತ್ರ ಕಲ್ತ್ರಿ ಆಂಟಿ?" ಎಂದಳು.

"ನಮ್ಮನೆಯವ್ರ ಹತ್ರ. ಹೇಗೆ ಇಡಬಾರ್ದು ಅಂತ."

ತಮಾಷೆಯೆಂದುಕೊಂಡು ನಕ್ಕಳು. ಈಗ ಮೂಡಿಗೆರೆಯಲ್ಲೂ ಇಬ್ಬರು ಕರೆದಿದ್ದಾರೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ. ಯಾರನ್ನೂ ಕೇಳಿಲ್ಲ.

ಸುಮಿತ್ರ